ಹಿತ್ತಲಿನ ಮರದ ಕೊಟ್ಟಿಗೆ



ಬೆಂಗಳೂರಿನಲ್ಲಿ ನೆಲೆಸಿ, ಈಚೆಗೆ ಮಲೆನಾಡಿನಲ್ಲಿ ಎರಡು ಎಕರೆ ತೋಟ ಕೊಂಡಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ತಿಂಗಳು ದೂರವಾಣಿಯಲ್ಲಿ ಕೇಳಿದ: "ಸರ್, ತೋಟದಲ್ಲಿ ಸಾಮಾನಿಡಲು ಮರದ ಶೆಡ್ ಒಂದನ್ನು ಕಟ್ಟಿಸಬೇಕೆಂದಿದ್ದೇನೆ. ಯಾವ ಮರ ಒಳ್ಳೆಯದು?" ಇದೇ ಪ್ರಶ್ನೆಯನ್ನು ಕಳೆದೆರಡು ವರ್ಷಗಳಲ್ಲಿ ಮೂರು ನಾಲ್ಕು ಮಂದಿ ಕೇಳಿದ್ದಾರೆ. ವಿಜ್ಞಾನ ಕಲಿಸಿದ ಮೇಷ್ಟರಿಗೆ ಬಡಗಿಯ ಕೆಲಸದ ಗಂಧವೇನು ಗೊತ್ತು ಎಂದು ಯಾರಿಗೂ ಅನ್ನಿಸಲಿಲ್ಲವೆಂಬುದು ನನ್ನ ಭಾಗ್ಯ. ಎಲ್ಲರಿಗೂ ಬಿಡಿಬಿಡಿಯಾಗಿ ಹೇಳುವುದಕ್ಕಿಂತ ಒಂದೆಡೆ ಬರೆದಿಡುವುದು ಲೇಸೆಂದು ಕುಳಿತಿದ್ದೇನೆ.

ಮೊದಲಿಗೆ ಒಂದು ಸ್ಪಷ್ಟನೆ. ನಮ್ಮ ಕಡೆ ಕೊಟ್ಟಿಗೆಯೆಂದೊಡನೆ ದನದ ಕೊಟ್ಟಿಗೆಯೇ ಕಣ್ಣ ಮುಂದೆ ಬರುತ್ತದೆ. ನಾನು ಹೇಳಹೊರಟಿರುವುದು ಸಾಮಾನಿನ ಕೊಟ್ಟಿಗೆಯನ್ನು ಕುರಿತು. ಹಾರೆ, ಪಿಕಾಸಿ, ಗುದ್ದಲಿ, ಕತ್ತಿ, ಕೊನೆ ತೆಗೆಯುವ ದೋಟಿ, ಔಷಧಿ ಹೊಡೆಯುವ ಪಂಪು, ಮೈಲುತುತ್ತದ ಚೀಲ, ಸುಣ್ಣದ ಡಬ್ಬ, ಒಂದು ಬದಿಯಲ್ಲಿ ಮಳೆಗಾಲಕ್ಕೆ ಒಟ್ಟಿದ ಸೌದೆ: ಇವೆಲ್ಲಕ್ಕೂ ನೆರಳಾಗಿ ಹಿತ್ತಲಿನಲ್ಲಿ ನಿಲ್ಲುವ, ಹತ್ತು ಹನ್ನೆರಡು ಅಡಿ ಉದ್ದಗಲದ ಕಟ್ಟಡ. ಈಗಿನ ಮಕ್ಕಳು ಶೆಡ್ ಎನ್ನುತ್ತಾರೆ. ಹಾಗೆಂದರೂ ನನ್ನ ತಕರಾರಿಲ್ಲ.

ಯಾವ ಮರ ಎಂಬುದು ಎರಡನೆಯ ಪ್ರಶ್ನೆ. ಮೊದಲನೆಯ ಪ್ರಶ್ನೆ ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂಬುದು. ತರಗತಿಯಲ್ಲಿ ಸೀಮೆಸುಣ್ಣದ ಕಡ್ಡಿಯೊಂದನ್ನು ನೀಲಿ ಮಸಿಯ ಬಟ್ಟಲಲ್ಲಿ ನಿಲ್ಲಿಸಿ ತೋರಿಸುತ್ತಿದ್ದುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಪಾಠ ಮುಗಿಯುವುದರೊಳಗೆ ಮಸಿಯು ಕಡ್ಡಿಯ ಅರ್ಧಕ್ಕೆ ಏರಿರುತ್ತಿತ್ತು. ಮರದ ಕಂಬವೂ ಅಂಥದೇ. ಅದು ಸೂಕ್ಷ್ಮ ನಾಳಗಳ ಒಂದು ದೊಡ್ಡ ಕಟ್ಟು; ಬದುಕಿದ್ದಾಗ ಬೇರಿನಿಂದ ಎಲೆಗೆ ನೀರನ್ನೇರಿಸುತ್ತಿದ್ದ ಆ ನಾಳಗಳು ಕಡಿದ ಮೇಲೂ ತಮ್ಮ ಅಭ್ಯಾಸವನ್ನು ಬಿಟ್ಟಿರುವುದಿಲ್ಲ. ಹಲಗೆಯ ಅಗಲದ ಮೈಯಿಂದ ಒಳಹೋಗುವ ನೀರಿಗಿಂತ, ಅಡ್ಡ ಕತ್ತರಿಸಿದ ತುದಿಯಿಂದ ಒಳಹೋಗುವ ನೀರು ಬಹುಪಾಲು ಹೆಚ್ಚು. ಮರವನ್ನು ಕೊಳೆಸುವ ಶಿಲೀಂಧ್ರಕ್ಕೆ ಬೇಕಾದುದು ಆ ತೇವವೇ. ಮರದ ತೇವಾಂಶವು ನೂರಕ್ಕೆ 20ರ ಒಳಗಿದ್ದರೆ ಶಿಲೀಂಧ್ರವು ಅದನ್ನು ಏನೂ ಮಾಡಲಾರದು. ನಮ್ಮ ಹಳೆಯ ಮನೆಗಳ ಜಂತೆ ತೊಲೆಗಳು ನೂರು ವರ್ಷ ಬಾಳುವುದು ಇದೇ ಕಾರಣಕ್ಕೆ. ಅವು ಒಣಗಿವೆ, ಅಷ್ಟೆ.

ಈ ಮಾತನ್ನು ನಾನು ಪುಸ್ತಕದಿಂದ ಬಲ್ಲೆನಾದರೂ ಕಣ್ಣಾರೆ ಕಂಡದ್ದು ನಮ್ಮ ಅತ್ತಿಗೆಯ ಕೊಟ್ಟಿಗೆಯಲ್ಲಿ.

ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಮೂಲಮನೆಯಲ್ಲಿ ಈಗ ಅತ್ತಿಗೆಯೊಬ್ಬರೇ ಇರುವುದು ಬಂಧುಗಳಿಗೆಲ್ಲ ತಿಳಿದೇ ಇದೆ. ಅಣ್ಣ ತೀರಿಕೊಂಡದ್ದು 2014ರಲ್ಲಿ. ಹೆಣ್ಣುಮಕ್ಕಳಿಬ್ಬರೂ ಬೆಂಗಳೂರಿನಲ್ಲಿ. ಹಿತ್ತಲಿನ ಕೊಟ್ಟಿಗೆಯನ್ನು ಅಣ್ಣ 1983ರಲ್ಲಿ ಕಟ್ಟಿಸಿದ್ದರು: ಆರು ಮತ್ತಿಯ ಕಂಬ, ಹೆಬ್ಬಲಸಿನ ಹಲಗೆಯ ಗೋಡೆ, ಮೇಲೆ ಮಂಗಳೂರು ಹೆಂಚು. 2022ರ ಮಳೆಗಾಲದಲ್ಲಿ ಅದರ ನೈಋತ್ಯದ ಮೂಲೆ ಎರಡು ಬೆರಳಿನಷ್ಟು ಕುಸಿಯಿತು. ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡು ಅತ್ತಿಗೆಯ ಕೈಗೆ ತೆರೆಯದಾಯಿತು. ಎಪ್ಪತ್ತು ದಾಟಿದ ಹೆಂಗಸು ಸೌದೆಗಾಗಿ ಪ್ರತಿದಿನವೂ ಬಾಗಿಲಿನೊಡನೆ ಕುಸ್ತಿ ಹಿಡಿಯುವ ಸ್ಥಿತಿ.

ದೊಡ್ಡ ಮಗಳು ನನಗೆ ಫೋನು ಮಾಡಿದಳು. "ಚಿಕ್ಕಪ್ಪ, ಅದನ್ನು ಕೆಡವಿಸಿಬಿಡೋಣ. ರಿಪೇರಿ ಮಾಡಿಸಿದರೂ ವರ್ಷ ವರ್ಷ ನೋಡಿಕೊಳ್ಳುವವರು ಯಾರು? ಈ ನೆಪದಲ್ಲಾದರೂ ಅಮ್ಮ ನಮ್ಮಲ್ಲಿಗೆ ಬರಲಿ. ನೀವು ಹೇಳಿದರೆ ಕೇಳುತ್ತಾಳೆ." ಆಕೆಯ ಮಾತಿನಲ್ಲಿ ಕಾಳಜಿಯಿತ್ತು, ತಪ್ಪೇನೂ ಇರಲಿಲ್ಲ. ಮರುದಿನ ಅತ್ತಿಗೆಯೂ ಮಾತನಾಡಿದರು. "ನೋಡು ಮಾರಾಯ, ಅವರ ಲೆಕ್ಕ ನನಗೆ ಗೊತ್ತಾಗುವುದಿಲ್ಲವಾ? ಕೊಟ್ಟಿಗೆ ಇಲ್ಲದ ಮೇಲೆ ಹತಾರ ಎಲ್ಲಿಡುವುದು? ಹತಾರ ಇಲ್ಲದ ಮೇಲೆ ತೋಟ ಯಾಕೆ? ತೋಟ ಇಲ್ಲದ ಮೇಲೆ ಇವಳು ಅಲ್ಲಿ ಯಾಕೆ? ಅಷ್ಟೇ ಅಲ್ಲವಾ?" ಎಂದರು. ಆರು ಕಂಬದ ಕೊಟ್ಟಿಗೆಯೊಂದು ಒಂದು ಸಂಸಾರದ ನ್ಯಾಯಸ್ಥಾನವಾಗಿ, ನಾನು ನ್ಯಾಯಾಧೀಶನಾಗಿ ಕೂರಬೇಕಾಯಿತು. ಮೇಷ್ಟರ ವೃತ್ತಿಯಲ್ಲಿದ್ದವರಿಗೆ ಇದು ನಿವೃತ್ತಿಯ ಅನಂತರವೂ ತಪ್ಪದು.

ತೀರ್ಪಿಗೆ ಮೊದಲು ಸಾಕ್ಷ್ಯ ಬೇಕಷ್ಟೆ. ಊರಿನ ಹಿರಿಯ ಆಚಾರ್ರನ್ನು ಕರೆದುಕೊಂಡು ಹೋದೆ. ಅವರು ಒಂದು ಸಣ್ಣ ಉಳಿಯನ್ನು ಹಿಡಿದು ಪ್ರತಿಯೊಂದು ಕಂಬವನ್ನೂ ಬುಡದಿಂದ ಮೇಲಕ್ಕೆ ಚುಚ್ಚುತ್ತ, ಉಳಿಯ ಹಿಡಿಯಿಂದ ತಟ್ಟುತ್ತ ಬಂದರು. ಕುಸಿದ ಮೂಲೆಯ ಕಂಬದಲ್ಲಿ ನೆಲದಿಂದ ಒಂದಡಿಯವರೆಗೆ ಉಳಿಯು ಬೇಯಿಸಿದ ಗೆಣಸಿನೊಳಗೆ ಇಳಿದಂತೆ ಇಳಿಯಿತು. ಅದರ ಮೇಲೆ ತಟ್ಟಿದರೆ ಠಣ್ಣೆಂಬ ಸದ್ದು. "ಮೇಷ್ಟ್ರೇ, ಮರ ಹೋಗಿಲ್ಲ. ಕಾಲು ಮಾತ್ರ ಹೋಗಿದೆ" ಎಂದರು. ಆರರಲ್ಲಿ ಎರಡು ಕಂಬಗಳ ಬುಡ ಪೂರಾ ಮೆತ್ತಗಾಗಿತ್ತು. ಮೂರನೆಯದು ಆರಂಭದ ಸ್ಥಿತಿಯಲ್ಲಿತ್ತು. ಉಳಿದ ಮೂರು ಗಟ್ಟಿಯಾಗಿದ್ದವು.

ನಲವತ್ತು ವರ್ಷ ಸುಮ್ಮನಿದ್ದ ಕಾಲು ಈಗೇಕೆ ಹೋಯಿತು? ಅಣ್ಣ ಕಂಬಗಳನ್ನು ಮಣ್ಣಿನಲ್ಲಿ ಹೂತಿರಲಿಲ್ಲ. ಪ್ರತಿಯೊಂದನ್ನೂ ಗೇಣೆತ್ತರದ ಕಲ್ಲಿನ ಮೇಲೆ ನಿಲ್ಲಿಸಿದ್ದರು. ಆ ಕಲ್ಲುಗಳೇ ಕಾಣೆಯಾಗಿದ್ದವು! ಕೆಲವು ವರ್ಷಗಳ ಹಿಂದೆ ಅಡಕೆ ಒಣಗಿಸುವ ಅಂಗಳಕ್ಕೆ ಕಾಂಕ್ರೀಟು ಹಾಕಿದ ಗುತ್ತಿಗೆದಾರರು ಅದನ್ನು ಕೊಟ್ಟಿಗೆಯ ಬುಡದವರೆಗೂ ತಂದು, ಕಲ್ಲುಗಳನ್ನು ಮುಚ್ಚಿ, ಕಂಬದ ಸುತ್ತ ನೀಟಾಗಿ ಗಾರೆ ಮೆತ್ತಿ ಹೋಗಿದ್ದರು. ನೋಡಲು ಬಲು ಅಚ್ಚುಕಟ್ಟು. ಅಂಗಳದ ಇಳಿಜಾರೂ ಕೊಟ್ಟಿಗೆಯ ಕಡೆಗೇ. ಮಳೆಗಾಲದ ನಾಲ್ಕು ತಿಂಗಳು ಕಂಬಗಳು ಬಟ್ಟಲಿನಲ್ಲಿ ನಿಂತ ಸೀಮೆಸುಣ್ಣದ ಕಡ್ಡಿಗಳಾಗಿದ್ದವು. ಮತ್ತಿಯ ಬದಲು ಅಲ್ಲಿ ಸಾಗುವಾನಿಯಿದ್ದರೂ ಕಥೆ ಇದೇ ಆಗುತ್ತಿತ್ತು. ನಾಲ್ಕು ವರ್ಷ ತಡವಾಗಿ, ಅಷ್ಟೆ.

2023ರ ಫೆಬ್ರವರಿಯಲ್ಲಿ, ಅಡಕೆಯ ಗಡಿಬಿಡಿ ತಗ್ಗಿದ ಮೇಲೆ, ಕೆಲಸ ನಡೆಯಿತು. ಮೊದಲು ಆ ಮೂಲೆಯ ಹೆಂಚುಗಳನ್ನು ಇಳಿಸಿ ಭಾರ ಕಡಿಮೆ ಮಾಡಿದರು. ಒಂದು ಚದರ ಮೀಟರಿಗೆ ಸುಮಾರು ಹದಿನೈದು ಹೆಂಚು ಕೂರುತ್ತದೆ, ಒಂದೊಂದೂ ಎರಡೂವರೆ ಕಿಲೋ ಆಸುಪಾಸು. ಲೆಕ್ಕ ಹಾಕಿ ನೋಡಿ. ಅನಂತರ ತೊಲೆಯ ಕೆಳಗೆ ಎರಡು ಊರುಗೋಲು ಕೊಟ್ಟು, ಲಾರಿಯ ಜಾಕಿನಿಂದ ಕೂದಲೆಳೆಯಷ್ಟು ಕೂದಲೆಳೆಯಷ್ಟು ಮೇಲೆತ್ತಿದರು. ಅವಸರಪಟ್ಟರೆ ಮೇಲಿನ ಕೂಡುಗಳು ಬಿಚ್ಚಿಕೊಳ್ಳುತ್ತವೆ. ಕೊಳೆತ ಬುಡವನ್ನು ಗಟ್ಟಿ ಮರ ಸಿಗುವವರೆಗೆ ಕತ್ತರಿಸಿ ತೆಗೆದು, ಆ ಜಾಗದಲ್ಲಿ ಒಂದೂಕಾಲು ಅಡಿಯ ಕಪ್ಪುಕಲ್ಲಿನ ಕಾಲನ್ನು ನಿಲ್ಲಿಸಿ, ನಡುವೆ ಉಕ್ಕಿನ ಗೂಟವೊಂದನ್ನಿಟ್ಟು ಕಂಬವನ್ನು ಅದರ ಮೇಲೆ ಇಳಿಸಿದರು. ಕಾಂಕ್ರೀಟನ್ನು ಎರಡಡಿ ಅಗಲಕ್ಕೆ ಒಡೆದು ತೆಗೆದು, ಅಲ್ಲೊಂದು ಚರಂಡಿ ಮಾಡಿ ಜಲ್ಲಿ ತುಂಬಿದರು. ಆಚಾರ್ರು ಮತ್ತು ಇಬ್ಬರು ಆಳುಗಳಿಗೆ ಐದು ದಿನದ ಕೆಲಸ. ಬಾಗಿಲು ಮಾತ್ರ ಇಂದಿಗೂ ಸ್ವಲ್ಪ ಕಿರುಗುಟ್ಟುತ್ತದೆ. ಯಾರಾದರೂ ಹಿತ್ತಲಿಗೆ ಬಂದರೆ ಗೊತ್ತಾಗುತ್ತದೆ, ಇರಲಿ ಎಂದು ಅತ್ತಿಗೆ ಅದಕ್ಕೆ ಎಣ್ಣೆ ಬಿಡಗೊಡುತ್ತಿಲ್ಲ.

ಖರ್ಚು? ತಗಡಿನ ಸಿದ್ಧ ಶೆಡ್ಡಿಗೆ ಹೇಳಿದ್ದ ಬೆಲೆಯ ಮೂರನೆಯ ಒಂದು ಭಾಗವೂ ಆಗಲಿಲ್ಲ.

ತಗಡನ್ನು ನಾನು ಹಳಿಯುತ್ತಿಲ್ಲ. ಅದಕ್ಕೆ ಗೆದ್ದಲಿನ ಭಯವಿಲ್ಲ, ಎರಡು ದಿನದಲ್ಲಿ ನಿಲ್ಲುತ್ತದೆ, ಬಯಲುಸೀಮೆಯಲ್ಲಿ ಅದೇ ಸರಿಯಿದ್ದೀತು. ಆದರೆ ಮಳೆನಾಡಿನಲ್ಲಿ ಅದರ ಒಳಮೈ ರಾತ್ರಿ ಬೆವರುತ್ತದೆ. ಹೊರಗಿನ ತಂಪಿಗೆ ತಗಡು ತಣ್ಣಗಾದಾಗ ಒಳಗಿನ ತೇವದ ಗಾಳಿ ಅದಕ್ಕೆ ತಾಗಿ ಹನಿಗಟ್ಟಿ ಸಾಮಾನಿನ ಮೇಲೆ ತೊಟ್ಟಿಕ್ಕುತ್ತದೆ. ಮರ ಆ ತೇವವನ್ನು ಒಂದಷ್ಟು ಹೀರಿಕೊಂಡು ಬಿಸಿಲು ಬಂದಾಗ ಬಿಟ್ಟುಕೊಡುತ್ತದೆ. ಅದಲ್ಲದೆ ಅಡಕೆ ತೋಟದವರು ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡಲು ತಂದಿಡುವ ಮೈಲುತುತ್ತವು ಒದ್ದೆಯಾಗಿ ಕಬ್ಬಿಣಕ್ಕೆ ತಾಗಿತೆಂದರೆ ಕಬ್ಬಿಣವನ್ನು ತಿನ್ನುತ್ತದೆ. ಕಬ್ಬಿಣದ ಮೊಳೆಯನ್ನು ಮೈಲುತುತ್ತದ ದ್ರಾವಣದಲ್ಲಿ ಮುಳುಗಿಸಿದರೆ ತಾಮ್ರದ ಬಣ್ಣ ಬರುವ ಪ್ರಯೋಗವನ್ನು ನೀವೆಲ್ಲರೂ ಮಾಡಿದ್ದೀರಿ; ಅಂಕವನ್ನೂ ಪಡೆದಿದ್ದೀರಿ.

ಇನ್ನು ಮರದ ಆಯ್ಕೆ. ಮರ ಯಾವುದೆಂಬುದಕ್ಕಿಂತ ಮರದ ಯಾವ ಭಾಗ ಎಂಬುದನ್ನು ಮೊದಲು ನೋಡಬೇಕು. ದಿಮ್ಮಿಯನ್ನು ಅಡ್ಡ ಕೊಯ್ದಾಗ ನಡುವೆ ಕಾಣುವ ಬಣ್ಣದ ಭಾಗವೇ ಕೆಚ್ಚು, ಸುತ್ತಲಿನದು ಬಿಳಿ. ಧೈರ್ಯವಂತನನ್ನು ಕೆಚ್ಚೆದೆಯವನೆಂದು ನಮ್ಮ ಹಿರಿಯರು ಕರೆದದ್ದು ಸುಮ್ಮನಲ್ಲ. ಬಿಳಿಯಲ್ಲಿ ಪಿಷ್ಟವಿರುವುದರಿಂದ ಹುಳುವಿಗೆ ಅದೇ ಭೋಜನ. ಸಾಗುವಾನಿಯ ಬಿಳಿಯನ್ನೂ ಹುಳು ತಿನ್ನುತ್ತದೆ. "ಸಾಗುವಾನಿ ಸಾರ್, ಏನೂ ಆಗಲ್ಲ" ಎನ್ನುವ ವ್ಯಾಪಾರಿಯ ಮಾತನ್ನು ನಂಬುವ ಮುನ್ನ ಹಲಗೆಯ ಅಂಚನ್ನು ನೋಡಿ. ಎಳೆಯ ನೆಡುತೋಪಿನ ಸಾಗುವಾನಿಯಲ್ಲಿ ಬಿಳಿಯೇ ಬಹಳ.

ನಮ್ಮ ಕಡೆಯ ಮರಗಳಲ್ಲಿ ಬೋಗಿ ಅತಿ ಗಟ್ಟಿ. ಒಂದು ಕಾಲದಲ್ಲಿ ರೈಲುಹಳಿಯ ಕೆಳಗೆ ಹಾಸುತ್ತಿದ್ದ ಮರ, ಮೊಳೆ ಇಳಿಯಬೇಕಾದರೆ ಮೊದಲು ತೂತು ಕೊರೆಯಬೇಕು. ಮತ್ತಿ ಭಾರ ಹೊರುವುದರಲ್ಲಿ ಗಟ್ಟಿಗ, ಒಣಗುವಾಗ ಸೀಳುವ ಸ್ವಭಾವ. ಹೊನ್ನೆಯೂ ಬಾಳಿಕೆಯದೇ, ಆದರೆ ಒದ್ದೆಯಾದರೆ ಬಣ್ಣ ಬಿಡುತ್ತದೆ. ಸಕ್ಕರೆ ಕಾಯಿಲೆಯವರು ಹೊನ್ನೆಯ ಲೋಟದಲ್ಲಿ ನೀರಿಟ್ಟು ಕುಡಿಯುವುದನ್ನು ಕಂಡಿರುತ್ತೀರಿ. ಗೋಡೆಯ ಹಲಗೆಗೆ ನನ್ನ ಮತ ಹಲಸು ಅಥವಾ ಹೆಬ್ಬಲಸಿಗೆ: ಹದವಾದ ತೂಕ, ಕೆಲಸಕ್ಕೆ ಸುಲಭ, ಕೆಚ್ಚಿಗೆ ಗೆದ್ದಲು ಬೇಗ ಬಾಯಿ ಹಾಕದು. ಸಿಲ್ವರ್ ಓಕ್, ಮಾವು ಅಗ್ಗವೆಂದು ತಂದರೆ ಔಷಧೋಪಚಾರವಿಲ್ಲದೆ ನಿಲ್ಲವು. ಬಲಿತ ಅಕೇಶಿಯಾ ಕೆಟ್ಟದ್ದಲ್ಲ. ಬಡವರ ಮರವೆಂದರೆ ಅಡಕೆಯ ದಬ್ಬೆ. ಮಳೆ ನೇರವಾಗಿ ಬೀಳದ ಪೂರ್ವ, ಉತ್ತರದ ಗೋಡೆಗಳಿಗೆ ಬಲಿತ ಮರದ ದಬ್ಬೆಯನ್ನು ಧೈರ್ಯವಾಗಿ ಬಳಸಬಹುದು, ಗಾಳಿಯೂ ಆಡುತ್ತದೆ. ಸ್ವಂತ ಹಿತ್ತಲಿನ ಮರವನ್ನು ಕಡಿಸುವವರು ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿಕೊಳ್ಳಬೇಕು. 1976ರ ವೃಕ್ಷ ಸಂರಕ್ಷಣಾ ಕಾಯ್ದೆ ನಮ್ಮ ಹಿತ್ತಲಿಗೂ ಬರುತ್ತದೆ.

ಪಟ್ಟಣದ ಕೆಲವರು ಕಾರ್ಖಾನೆಗಳಿಂದ ಬರುವ ಸರಕಿನ ಹಲಗೆಚೌಕಗಳನ್ನು, ಅಂದರೆ ಪ್ಯಾಲೆಟ್ಟುಗಳನ್ನು, ಬಿಚ್ಚಿ ಶೆಡ್ ಮಾಡುತ್ತಾರೆ. ಅದರ ಮೇಲೆ 'ಎಚ್‌ಟಿ' ಎಂಬ ಮುದ್ರೆಯಿದ್ದರೆ ಬಿಸಿ ಮಾಡಿ ಹುಳು ಕೊಂದದ್ದು; 'ಎಂಬಿ' ಎಂದಿದ್ದರೆ ವಿಷಾನಿಲ ಹಾಯಿಸಿದ್ದು, ಅದನ್ನು ಮುಟ್ಟದಿರುವುದೇ ಲೇಸು. ಬಿಸಿ ಮಾಡಿದ್ದು ಅಂದಿನ ಹುಳುವಿಗೆ ಮಾತ್ರ, ನಾಳೆ ಬರುವ ಗೆದ್ದಲಿಗಲ್ಲ ಎಂಬುದನ್ನೂ ನೆನಪಿಡಿ.

ಯಾವ ಮರವಾದರೂ ಒಣಗಿರಬೇಕು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ನಿಮಗೆ ಅದೆಷ್ಟು ಬಾರಿ ಹೇಳಿ ಬೇಸರ ಹುಟ್ಟಿಸಿದ್ದೆನೋ! ಹಸಿ ಹಲಗೆಯನ್ನು ಗೋಡೆಗೆ ಬಡಿದವರು ಅದನ್ನು ಒಪ್ಪಲಾರರು. ಮರವು ಉದ್ದಕ್ಕೆ ಕುಗ್ಗುವುದು ನಗಣ್ಯ. ಅಡ್ಡಕ್ಕೆ ಕುಗ್ಗುತ್ತದೆ, ಅದೂ ವರ್ಷದ ಉಂಗುರದ ಗುಂಟ ಕುಗ್ಗುವುದು ತಿರುಳಿನಿಂದ ತೊಗಟೆಯ ದಿಕ್ಕಿಗೆ ಕುಗ್ಗುವುದರ ಸುಮಾರು ಎರಡರಷ್ಟು. ಈ ಅಸಮತೆಯಿಂದಲೇ ಹಲಗೆ ದೋಣಿಯಂತೆ ಬಾಗುವುದು. ನೆರಳಿನಲ್ಲಿ, ನಡುನಡುವೆ ಪಟ್ಟಿಗಳನ್ನಿಟ್ಟು ಗಾಳಿಯಾಡುವಂತೆ ಪೇರಿಸಿ, ಒಂದು ಅಂಗುಲ ದಪ್ಪಕ್ಕೆ ಒಂದು ವರ್ಷವೆಂಬ ಹಳೆಯ ಲೆಕ್ಕದಲ್ಲಿ ಒಣಗಿಸುವುದು ಉತ್ತಮ. ಗೋಡೆಗೆ ಹೊಡೆಯುವಾಗ ಮೇಲಿನ ಹಲಗೆಯ ಅಂಚು ಕೆಳಗಿನದರ ಮೇಲೆ ಒಂದಂಗುಲ ಹಾಯ್ದಿರಲಿ. ಪ್ರತಿ ಹಲಗೆಗೂ ಒಂದೇ ಅಂಚಿನಲ್ಲಿ ಮೊಳೆಯಿರಲಿ. ಎರಡೂ ಅಂಚನ್ನು ಬಿಗಿದರೆ ಕುಗ್ಗುವಾಗ ನಡುವೆ ಸೀಳದೆ ಬೇರೆ ದಾರಿಯಿಲ್ಲ. ಮೊಳೆಯ ಬದಲು ಸತು ಲೇಪಿಸಿದ ತಿರುಪು ಇನ್ನೂ ಮೇಲು.

ಕೊಟ್ಟಿಗೆಗೆ ಕಾಲಿನಷ್ಟೇ ಮುಖ್ಯವಾದದ್ದು ಸೂರು. ಗೋಡೆಯಿಂದ ಎರಡೂವರೆ ಅಡಿಯಾದರೂ ಹೊರಚಾಚಿರಬೇಕು. ಈಚಿನ ಸಿದ್ಧ ಶೆಡ್ಡುಗಳ ಚಿತ್ರಗಳನ್ನು ನೋಡಿದಾಗ ಅವುಗಳ ಸೂರು ಗೇಣುದ್ದವೂ ಇರುವುದಿಲ್ಲ. ಆಗುಂಬೆಯ ಸುತ್ತಮುತ್ತ ಅಂಥದನ್ನು ನಿಲ್ಲಿಸುವುದೆಂದರೆ ಕೊಡೆಯ ಬದಲು ಟೊಪ್ಪಿಗೆ ಹಾಕಿಕೊಂಡು ಮಳೆಗೆ ಹೊರಟಂತೆ.

ಹಚ್ಚುವ ಎಣ್ಣೆಯ ವಿಷಯದಲ್ಲಿ ಒಬ್ಬೊಬ್ಬರದು ಒಂದೊಂದು ಮತ. ಹಳಬರು ಗೇರುಬೀಜದ ಸಿಪ್ಪೆಯಿಂದ ತೆಗೆದ ಎಣ್ಣೆಯನ್ನು ಬಳಿಯುತ್ತಿದ್ದರು. ಕರಾವಳಿಯ ದೋಣಿಗಳಿಗೂ ಅದೇ. ಹುಳುವಿಗೂ ನೀರಿಗೂ ಒಳ್ಳೆಯ ತಡೆ, ಆದರೆ ಮೈಗೆ ತಾಗಿದರೆ ಸುಟ್ಟು ಹುಣ್ಣಾಗುತ್ತದೆ, ಕೈಚೀಲವಿಲ್ಲದೆ ಮುಟ್ಟಬಾರದು. ಅಗಸೆ ಎಣ್ಣೆ ಸೌಮ್ಯ. ಅದನ್ನು ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತನ್ನಷ್ಟಕ್ಕೆ ಬಿಸಿಯಾಗಿ ಬೆಂಕಿ ಹತ್ತುವುದುಂಟು, ಆದ್ದರಿಂದ ಬಯಲಿನಲ್ಲಿ ಹರವಿ ಒಣಗಿಸಬೇಕು. ಗ್ಯಾರೇಜಿನ ಸುಟ್ಟ ಆಯಿಲ್ಲನ್ನು ಬಳಿಯುವುದು ಈಗ ಎಲ್ಲೆಡೆ ರೂಢಿಯಾಗಿದೆ. ಪುಕ್ಕಟೆ ಸಿಗುತ್ತದೆಂಬುದೇ ಅದರ ಗುಣ. ಹಿತ್ತಲಿನಲ್ಲಿ ಬಾವಿಯಿರುವವರು ಅದನ್ನು ಖಂಡಿತ ತರಬಾರದು. ಒಳಭಾಗದ ಹಲಗೆಗಳಿಗೆ ಬಿಳಿಗಾರ ಮತ್ತು ಬೋರಿಕ್ ಆಮ್ಲದ ದ್ರಾವಣ ಅಗ್ಗ ಮತ್ತು ಸುರಕ್ಷಿತ. ಮಳೆ ಬೀಳುವ ಕಡೆ ತೊಳೆದುಹೋಗುತ್ತದೆ. ನಮ್ಮ ಯೌವನದಲ್ಲಿ ಗೆದ್ದಲಿಗೆಂದು ಎಗ್ಗಿಲ್ಲದೆ ಸುರಿಯುತ್ತಿದ್ದ ಆಲ್ಡ್ರಿನ್ನನ್ನು ಸರ್ಕಾರ 1996ರಲ್ಲಿ ನಿಷೇಧಿಸಿತು. ಹಳೆಯ ಡಬ್ಬ ಯಾರದಾದರೂ ಅಟ್ಟದಲ್ಲಿ ಉಳಿದಿದ್ದರೆ ದಯವಿಟ್ಟು ಬಳಸಬೇಡಿ. ಏನನ್ನೇ ಬಳಿದರೂ ಹಲಗೆಯ ಕತ್ತರಿಸಿದ ತುದಿಗಳಿಗೆ ಎರಡು ಮೂರು ಬಾರಿ ಕುಡಿಸಿ. ಮೈ ಹೊಳೆಯುವುದಕ್ಕಿಂತ ಅದು ಮುಖ್ಯ.

"ವರ್ಷ ವರ್ಷ ನೋಡಿಕೊಳ್ಳುವವರು ಯಾರು?" ಎಂಬ ದೊಡ್ಡ ಮಗಳ ಪ್ರಶ್ನೆಗೆ ಉತ್ತರ ಹೇಳದೆ ಮುಂದೆ ಹೋಗುವುದು ನ್ಯಾಯವಾಗದು. ನೋಡಿಕೊಳ್ಳುವುದೆಂದರೆ ಎಷ್ಟು ಕೆಲಸ ಎಂದು ಆಚಾರ್ರ ಜೊತೆ ಕುಳಿತು ಲೆಕ್ಕ ಹಾಕಿದೆವು. ವರ್ಷಕ್ಕೆ ಎರಡು ದಿನ. ಒಂದು ಯುಗಾದಿಯ ಅನಂತರ, ರೋಹಿಣಿ ಮಳೆಗೆ ಮೊದಲು: ಒಡೆದ ಹೆಂಚು ಬದಲಿಸುವುದು, ಸೂರಿನ ಎಲೆಕಸ ಗುಡಿಸುವುದು, ಪಡುವಣ ಮತ್ತು ತೆಂಕಣ ಗೋಡೆಗೆ ಎಣ್ಣೆ. ಇನ್ನೊಂದು ದಿನ ಹೇಗೂ ನಮ್ಮ ಪಂಚಾಂಗದಲ್ಲೇ ಇದೆ, ಆಯುಧಪೂಜೆ. ಅಂದು ಹತಾರಗಳನ್ನೆಲ್ಲ ಹೊರಗೆ ತೆಗೆದು ತೊಳೆಯುವುದು ಇದ್ದದ್ದೇ. ಕೊಟ್ಟಿಗೆ ಖಾಲಿಯಾದ ಆ ಒಂದು ಗಂಟೆಯಲ್ಲಿ ಟಾರ್ಚು ಹಿಡಿದು ಕಲ್ಲಿನ ಕಾಲುಗಳ ಸುತ್ತ ನೋಡಿದರಾಯಿತು. ಗೆದ್ದಲು ನೆಲದಿಂದ ಬರುವಂಥದು, ಬೆಳಕಿಗೆ ಮೈಯೊಡ್ಡದು. ಕಲ್ಲಿನ ಮೇಲೆ ಮಣ್ಣಿನ ಕೊಳವೆ ಕಟ್ಟಿಕೊಂಡೇ ಏರಬೇಕು. ಕಲ್ಲಿನ ಕಾಲು ಗೆದ್ದಲನ್ನು ತಡೆಯುತ್ತದೆ ಎನ್ನುವುದಕ್ಕಿಂತ, ಅದನ್ನು ನಮ್ಮ ಕಣ್ಣಿಗೆ ಹಿಡಿದುಕೊಡುತ್ತದೆ ಎನ್ನುವುದೇ ಸರಿ. 2024ರ ಆಯುಧಪೂಜೆಯಂದು ಒಂದು ಕಾಲಿನ ಮೇಲೆ ಬೆರಳಗಲದ ಕೊಳವೆ ಕಂಡಿತು. ಕೆರೆದು ತೆಗೆದು ಬುಡಕ್ಕೆ ಔಷಧಿ ಹಾಕಿಸಿದ ಮೇಲೆ ಮತ್ತೆ ಕಂಡಿಲ್ಲ. ಸೌದೆಯನ್ನು ಗೋಡೆಗೆ ಒತ್ತಿ ಒಟ್ಟಬಾರದೆಂಬುದೂ ಇದೇ ಕಾರಣಕ್ಕೆ. ನಡುವೆ ಒಂದಾಳು ನುಸುಳುವಷ್ಟು ಜಾಗ ಬೇಕು. ಪಕಾಸಿಗೆ ದುಂಡಗೆ ತೂತು ಕೊರೆಯುವ ದೊಡ್ಡ ಕರಿದುಂಬಿಯನ್ನು ಕಂಡರೆ ಮಾತ್ರ ಗಾಬರಿ ಬೇಡ. ಅದು ಮರವನ್ನು ತಿನ್ನುವುದಿಲ್ಲ, ಗೂಡಿಗಾಗಿ ಕೊರೆಯುತ್ತದೆ, ನಮ್ಮ ತರಕಾರಿ ಹೂಗಳಿಗೆ ಪರಾಗಸ್ಪರ್ಶವನ್ನೂ ಮಾಡುತ್ತದೆ. ಗೂಡು ಖಾಲಿಯಾದ ಮೇಲೆ ತೂತಿಗೆ ಬೆಣೆ ಹೊಡೆದರೆ ಸಾಕು.

ಈ ಎರಡು ದಿನಗಳಲ್ಲಿ ಒಂದನ್ನು ದೊಡ್ಡ ಮಗಳು ವಹಿಸಿಕೊಂಡಿದ್ದಾಳೆ. ಮಕ್ಕಳ ರಜೆಗೆ ಬಂದವಳು ತಾನೇ ಕುಂಚ ಹಿಡಿದು ಪಡುವಣ ಗೋಡೆಗೆ ಎಣ್ಣೆ ಬಳಿಯುತ್ತಾಳೆ. ಚಿಕ್ಕವಳು ಈಗಲೂ ಅಮ್ಮ ಬೆಂಗಳೂರಿಗೆ ಬರಬೇಕೆಂದೇ ಹಟ ಹಿಡಿದಿದ್ದಾಳೆ. ಆ ವ್ಯಾಜ್ಯ ಕೊಟ್ಟಿಗೆಗಿಂತ ದೊಡ್ಡದು, ಅದನ್ನು ಆಚಾರ್ರೂ ನಾನೂ ಬಗೆಹರಿಸಲಾರೆವು. ಅತ್ತಿಗೆಯ ಸೌದೆ ಮಾತ್ರ ಈ ಮೂರು ಮಳೆಗಾಲಗಳಲ್ಲಿ ಒದ್ದೆಯಾಗಿಲ್ಲ.

ಅಂದು ಹಾಗೆಯೇ ಬಿಟ್ಟ ಮೂರನೆಯ ಕಂಬದ ಬುಡವನ್ನು ಆಚಾರ್ರು ಪ್ರತಿ ಸಲವೂ ಉಳಿಯಿಂದ ಚುಚ್ಚಿ ನೋಡಿ, "ಇನ್ನೊಂದು ಮಳೆ ತಡೆಯುತ್ತದೆ ಮೇಷ್ಟ್ರೇ" ಎನ್ನುತ್ತಾರೆ. ಬರುವ ಮಾಘದಲ್ಲಿ ಅದನ್ನೂ ಮುಗಿಸುವುದೆಂದು ಮಾತಾಗಿದೆ. ಕಲ್ಲು ಬಂದು ಅಂಗಳದಲ್ಲಿ ಬಿದ್ದಿದೆ. ಕಂಬದ ಸೀಳಿಗೆ ಪಟ್ಟಿ ಕೊಡಲು ಬೇಕಾದ ಬೋಗಿಯ ತುಂಡು ಅಟ್ಟದ ಮೇಲೆ ಒಣಗುತ್ತಿದೆ.